ಆಕ್ಸಿಡೆಂಟ್ ಗೋವಾದಲ್ಲಿ, ಮನೆ ಕಾರವಾರದಲ್ಲಿ, ಕೇಸು ಎಲ್ಲಿ?

ನೀವು ಕೇಳಿದ್ದು ಕಾರವಾರದವರು ಆಕ್ಸಿಡೆಂಟ್ ಆದ್ರೆ ಯಾಕೆ ಗೋವಾಕ್ಕೆ ಓಡ್ತೀರಿ, ಆಮೇಲೆ ಪರಿಹಾರಕ್ಕೆ ಯಾವ ರಾಜ್ಯದ ಕೋರ್ಟಿಗೆ ಹೋಗ್ತೀರಿ ಅಂತ. ಎರಡೂ ಪ್ರಶ್ನೆ ಒಂದಕ್ಕೊಂದು ಅಂಟ್ಕೊಂಡೇ ಇವೆ, ಹಂಗಾಗಿ ಸ್ವಲ್ಪ ಉದ್ದ ಆಗುತ್ತೆ.

ಮೊದಲು ಓಡೋ ವಿಷಯ. ಕಾರವಾರದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿದೆ, ಆದ್ರೂ ತಲೆಗೆ ದೊಡ್ಡ ಪೆಟ್ಟು ಬಿದ್ರೆ ಮನೆಯವರು ಮಾಜಾಳಿ ಗಡಿ ದಾಟಿ ಗೋವಾದ ಮಡಗಾಂವ್ ಇಲ್ಲಾ ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜ್ ಕಡೆಗೇ ಆಂಬುಲೆನ್ಸ್ ತಿರುಗಿಸ್ತಾರೆ. ಶಿರಸಿ, ಯಲ್ಲಾಪುರದವರು ಹುಬ್ಬಳ್ಳಿಗೆ, ಹೊನ್ನಾವರ ಭಟ್ಕಳದವರು ಮಣಿಪಾಲಕ್ಕೆ. 2021ರ ಜನವರಿಯಲ್ಲಿ ಕೇಂದ್ರ ಮಂತ್ರಿ ಶ್ರೀಪಾದ ನಾಯಕ್ ಅವರ ಕಾರು ಅಂಕೋಲಾ ತಾಲೂಕಲ್ಲಿ ಅಪಘಾತ ಆದಾಗ ಅವರನ್ನೂ ಬಾಂಬೋಳಿಗೇ ಕರ್ಕೊಂಡು ಹೋಗಿದ್ದು. 2022ರ ಜುಲೈನಲ್ಲಿ ಹೊನ್ನಾವರದಿಂದ ಪೇಶಂಟ್ ಕರ್ಕೊಂಡು ಉಡುಪಿ ಕಡೆ ಹೊರಟ ಆಂಬುಲೆನ್ಸ್ ಬೈಂದೂರು ಹತ್ರದ ಶಿರೂರು ಟೋಲ್ ಗೇಟಲ್ಲಿ ಪಲ್ಟಿಯಾಗಿ ಪೇಶಂಟ್ ಸಮೇತ ಜನ ಸತ್ತರು, ಆ ವಿಡಿಯೋ ನೀವೂ ನೋಡಿರ್ತೀರಿ. ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಅಂತ ಜನ ವರ್ಷಗಟ್ಟಲೆ ಕೇಳ್ತಾನೇ ಇದ್ದಾರೆ. ಹೇಳೋವಾಗ ಹೊಟ್ಟೆ ಉರಿಯುತ್ತೆ, ಇರ್ಲಿ.

ಜೀವ ಉಳಿಸೋಕೆ ಓಡೋದು ಸರಿ, ಆದ್ರೆ ಹಿಂಗೆ ಓಡೋವಾಗ ಕಾಗದಪತ್ರ ಎರಡು ರಾಜ್ಯದ ನಡುವೆ ಹರಿದು ಹಂಚಿ ಹೋಗುತ್ತೆ, ನಮ್ಮ ಕಡೆಯವರು ಹಕ್ಕು ಕಳ್ಕೊಳ್ಳೋದು ಅಲ್ಲೇ.

ಉದಾಹರಣೆಗೆ ನಮ್ಮ ಕೇರಿಯ ಹುಡುಗನ ಕತೆ ಕೇಳಿ. ಗೋವಾದ ಕಾಣಕೋಣ ಹತ್ರ ಕೆಲಸಕ್ಕೆ ಹೋಗ್ತಿದ್ದ, ಹಿಂದಿನಿಂದ ಕಾರು ತಾಗಿ ಸ್ಕೂಟಿ ಸಮೇತ ಬಿದ್ದ, ತೊಡೆ ಮೂಳೆ ಮುರೀತು. ಯಾರೋ ಪುಣ್ಯಾತ್ಮ ರಿಕ್ಷಾದವನು ಎತ್ಕೊಂಡು ಆಸ್ಪತ್ರೆಗೆ ಹಾಕಿದ, ಅವನು ಡಿಕ್ಕಿ ನೋಡೇ ಇಲ್ಲ, ಡಾಕ್ಟ್ರು ಏನಾಯ್ತು ಅಂದಾಗ ಸ್ಕೂಟಿ ಸ್ಕಿಡ್ ಆಗಿ ಬಿದ್ದಿದಾನೆ ಅಂದ. ಕ್ಯಾಜುವಾಲಿಟಿ ಚೀಟಿಯಲ್ಲಿ ಪೆಟ್ಟು ಹೇಗಾಯ್ತು ಅಂತ ಬರೆಯೋ ಹಿಸ್ಟರಿ ಅನ್ನೋ ಒಂದು ಸಾಲು ಇರುತ್ತೆ, ಅಲ್ಲಿ ‘ಸೆಲ್ಫ್ ಫಾಲ್’, ಅಂದ್ರೆ ತಾನೇ ಬಿದ್ದದ್ದು, ಅಂತ ಬರೆದಾಯ್ತು. ಆ ಒಂದೇ ಸಾಲು ಹಿಡ್ಕೊಂಡು ಇನ್ಶೂರೆನ್ಸ್ ಕಂಪನಿ ವಕೀಲರು ಇದು ಕಾರಿನ ಕೇಸೇ ಅಲ್ಲ, ಆಮೇಲೆ ಕಟ್ಟಿದ್ದು ಅಂತ ವಾದ ಮಾಡಿದ್ರು. ಪುಣ್ಯಕ್ಕೆ ಅವನ ಅಣ್ಣ ಮಾರನೇ ದಿನಾನೇ ಪೊಲೀಸರ ಹತ್ರ ಹುಡುಗನ ಹೇಳಿಕೆ ಸರಿಯಾಗಿ ಬರೆಸಿದ್ದ, ಅದ್ರಿಂದ ಬಚಾವ್.

ಅದಕ್ಕೆ ನಾನು ಯಾರಿಗೇ ಆದ್ರೂ ಹೇಳೋದು, ಆಸ್ಪತ್ರೆಗೆ ಮುಟ್ಟಿದ ಮನೆಯವರು ಮೊದಲು ಆ ಹಿಸ್ಟರಿ ಸಾಲು ಓದಿ. ಯಾವ ಗಾಡಿ, ಎಲ್ಲಿ, ಎಷ್ಟೊತ್ತಿಗೆ ತಾಗಿದ್ದು ಅಂತ ಇರ್ಬೇಕು, ಎಂಎಲ್‌ಸಿ, ಅಂದ್ರೆ ಇದು ಪೊಲೀಸರಿಗೆ ತಿಳಿಸೋ ಕೇಸು ಅಂತ ಆಸ್ಪತ್ರೆಯ ದಾಖಲೆ, ಆಗಿರ್ಬೇಕು. ತಪ್ಪಿದ್ರೆ ಪೇಶಂಟ್ ಎಚ್ಚರ ಆದ ಕೂಡ್ಲೇ ಡಾಕ್ಟ್ರ ಹತ್ರ ಹೇಳಿ ಸರಿಯಾದದ್ದು ಬರೆಸಿ, ಪೊಲೀಸ್ ಹೇಳಿಕೆಯಲ್ಲೂ ಬರೆಸಿ. ಡಿಕ್ಕಿ ಹೊಡೆದ ಗಾಡಿಯ ನಂಬರ್ ಪ್ಲೇಟ್ ಫೋಟೋ ಇದ್ರೆ ಸರ್ಕಾರದ ಎಂಪರಿವಾಹನ್ ಆಪಲ್ಲಿ ಇನ್ಶೂರೆನ್ಸ್ ಯಾವಾಗಿನವರೆಗೆ ಇದೆ ಅಂತ ನೋಡ್ಬಹುದು.

ಇನ್ನು ಉಲ್ಟಾ ಕೇಸು. ಆಕ್ಸಿಡೆಂಟ್ ಅಂಕೋಲಾದಲ್ಲಿ ಆಗಿ ಪೇಶಂಟ್ ಗೋವಾದಲ್ಲಿ ಮಲಗಿದ್ರೆ, ಆಸ್ಪತ್ರೆಯಿಂದ ಅಲ್ಲಿನ ಪೊಲೀಸರಿಗೆ, ಅಲ್ಲಿಂದ ನಮ್ಮ ಸ್ಟೇಷನ್ನಿಗೆ ಸುದ್ದಿ ಬರ್ಲಿ ಅಂತ ಕಾಯ್ಬೇಡಿ, ಮನೆಯವರು ಒಬ್ರು ಹೋಗಿ ಅಪಘಾತ ಆದ ಜಾಗದ ಸ್ಟೇಷನ್ನಲ್ಲಿ ದೂರು ಕೊಟ್ಟುಬಿಡಿ. ಅಲ್ಲಿವರೆಗೆ ಹೋಗೋಕೆ ಆಗ್ದಿದ್ರೆ ಯಾವ ಸ್ಟೇಷನ್ನಲ್ಲಾದ್ರೂ ಝೀರೋ ಎಫ್‌ಐಆರ್ ಮಾಡಿಸ್ಬಹುದು, ನಮ್ಮ ಹದ್ದಲ್ಲ ಅಂತ ವಾಪಸ್ ಕಳಿಸೋ ಹಾಗಿಲ್ಲ. ಎಫ್‌ಐಆರ್ ಕಾಪಿ ದೂರು ಕೊಟ್ಟವರಿಗೆ ಫ್ರೀ.

ಮತ್ತೆ ನಮ್ಮ ಕಡೆ ಒಂದು ರೂಢಿ ಇದೆ, ಗಾಡಿಯವನು ಗುರ್ತದವನೇ ಆಗಿರ್ತಾನೆ, ಪಕ್ಕದ ಊರಿನವನು, ಆಸ್ಪತ್ರೆ ಬಿಲ್ ನಾನೇ ಕೊಡ್ತೀನಿ ಪೊಲೀಸ್ ಗಿಲೀಸ್ ಬೇಡ ಮಾತಾಡಿ ಮುಗಿಸೋಣ ಅಂತಾನೆ. ಮೊದಲನೇ ಬಿಲ್ ಕೊಡ್ತಾನೆ ಕೂಡ. ಮೂಳೆಗೆ ಹಾಕಿದ ರಾಡ್ ತೆಗೆಯೋ ಎರಡನೇ ಆಪರೇಷನ್ ಹೊತ್ತಿಗೆ ಫೋನ್ ಎತ್ತಲ್ಲ. ಇಲ್ಲಿ ಜನ ತಿಳ್ಕೊಳ್ಳದೇ ಇರೋದು ಏನಂದ್ರೆ ಗಾಡಿಗೆ ಇನ್ಶೂರೆನ್ಸ್ ಸರಿ ಇದ್ರೆ ಪರಿಹಾರ ಕೊಡೋದು ಕಂಪನಿ, ಆ ಮನುಷ್ಯನ ಮನೆ ಹಾಳಾಗಲ್ಲ, ಹಂಗಾಗಿ ಕೇಸು ಕೊಟ್ರೆ ಸಂಬಂಧ ಕೆಡುತ್ತೆ ಅಂತ ಹೆದರಬೇಕಿಲ್ಲ ಮಾರಾಯ್ರೆ. ದೂರು ತಡ ಆಯ್ತು ಅನ್ನೋ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ, ಆದ್ರೂ ಯಾಕೆ ತಡ ಅಂತ ನೀವೇ ಉತ್ತರ ಕೊಡ್ಬೇಕಾಗುತ್ತೆ.

ಈಗ ಕೋರ್ಟ್ ಯಾವ್ದು ಅನ್ನೋದು. ಮೋಟಾರು ವಾಹನ ಕಾಯ್ದೆಯ 166ನೇ ಸೆಕ್ಷನ್ ಪ್ರಕಾರ ಅಪಘಾತ ಆದ ಜಾಗದಲ್ಲಿ, ನೀವು ವಾಸ ಇರೋ ಇಲ್ಲಾ ದಂಧೆ ಮಾಡೋ ಜಾಗದಲ್ಲಿ, ಅಥವಾ ಎದುರು ಪಾರ್ಟಿ ಇರೋ ಜಾಗದಲ್ಲಿ, ಎಲ್ಲಿ ಬೇಕಾದ್ರೂ ಟ್ರಿಬ್ಯುನಲ್‌ಗೆ, ಅಂದ್ರೆ ಅಪಘಾತ ಪರಿಹಾರದ ಕೋರ್ಟಿಗೆ, ಅರ್ಜಿ ಹಾಕ್ಬಹುದು. ಅಂದ್ರೆ ಕಾಣಕೋಣದಲ್ಲಿ ಬಿದ್ದವನು ಕಾರವಾರದಲ್ಲೇ ಕೇಸು ನಡೆಸ್ಬಹುದು, ಮುರಿದ ಕಾಲು ಎಳ್ಕೊಂಡು ಮಡಗಾಂವಿಗೆ ತಾರೀಕಿಗೆ ಹೋಗ್ಬೇಕಿಲ್ಲ. ಗಡಿಯಲ್ಲಿ ಇರೋರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ, ಆದ್ರೆ ಇದು ಗೊತ್ತಿರೋರೇ ಕಮ್ಮಿ.

ಟೈಮ್ ಮಾತ್ರ ಹುಷಾರ್. ಅಪಘಾತ ಆದ ಆರು ತಿಂಗಳ ಒಳಗೆ ಅರ್ಜಿ ಹಾಕ್ಬೇಕು ಅನ್ನೋ ನಿಯಮ 2022ರ ಏಪ್ರಿಲ್‌ನಿಂದ ಬಂದಿದೆ. ತಡ ಅಂತ ಅರ್ಜಿ ವಜಾ ಮಾಡ್ಬೇಡಿ ಅಂತ ಸುಪ್ರೀಂ ಕೋರ್ಟ್ 2025ರ ನವೆಂಬರಲ್ಲಿ ಮಧ್ಯಂತರ ಆದೇಶ ಕೊಟ್ಟಿದೆ, ಅದು ಮಧ್ಯಂತರ ಅಷ್ಟೇ, ಅದನ್ನ ನಂಬ್ಕೊಂಡು ಕೂರ್ಬೇಡಿ. ಗಾಡಿ ಹೊಡೆದು ಓಡಿ ಹೋಗಿ ಪತ್ತೆನೇ ಆಗ್ದಿದ್ರೆ ಬೇರೆ ಸ್ಕೀಮ್ ಇದೆ, ತೀವ್ರ ಗಾಯಕ್ಕೆ 50 ಸಾವಿರ, ಸತ್ರೆ 2 ಲಕ್ಷ. 2025ರ ಮೇ ತಿಂಗಳಿಂದ ಕೈಯಿಂದ ದುಡ್ಡು ಕಟ್ಟದೇ ಚಿಕಿತ್ಸೆ ಸಿಗೋ ಕೇಂದ್ರದ ಕ್ಯಾಶ್‌ಲೆಸ್ ಯೋಜನೆ ಕೂಡ ಇದೆ, ಗೊತ್ತುಮಾಡಿದ ಆಸ್ಪತ್ರೆಗಳಲ್ಲಿ ಮೊದಲ 7 ದಿನಕ್ಕೆ ಒಂದೂವರೆ ಲಕ್ಷದವರೆಗೆ. ಅಡ್ಮಿಟ್ ಆಗೋವಾಗ್ಲೇ ಕೇಳಿ.

ಆಸ್ಪತ್ರೆ ಬಾಗಿಲಲ್ಲೇ ಏಜೆಂಟ್ ಬಂದು ಬರೋ ದುಡ್ಡಲ್ಲಿ ನಮಗಿಷ್ಟು ನಿಮಗಿಷ್ಟು ಅಂದ್ರೆ ಯಾವ ಕಾಗದಕ್ಕೂ ಸೈನ್ ಹಾಕ್ಬೇಡಿ. ವಕೀಲರು ಪರಿಹಾರದಲ್ಲಿ ಪಾಲು ಅಂತ ಫೀ ಮಾತಾಡೋದು ಬಾರ್ ಕೌನ್ಸಿಲ್ ನಿಯಮದಲ್ಲೇ ನಿಷಿದ್ಧ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕಮ್ಮಿ ಆದಾಯದವರಿಗೆ ಕಾರವಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತವಾಗಿ ವಕೀಲರು ಸಿಗ್ತಾರೆ.

ಕೊನೆಗೆ ಜಾಸ್ತಿ ಕಷ್ಟ ಆಗೋದು ದುಡಿಮೆ ತೋರಿಸೋದ್ರಲ್ಲಿ. ಬೆಳಿಗ್ಗೆ ಟ್ರೈನಿಗೆ ಗೋವಾಕ್ಕೆ ಹೋಗಿ ಸೈಟಲ್ಲಿ, ಹೋಟೆಲಲ್ಲಿ ಕ್ಯಾಶ್ ತಗೊಳ್ಳೋರೇ ಜಾಸ್ತಿ, ಸ್ಲಿಪ್ ಇರಲ್ಲ, ಕಂತ್ರಾಟುದಾರ ಕಾರವಾರ ಕೋರ್ಟಿಗೆ ಸಾಕ್ಷಿ ಹೇಳೋಕೆ ಬರಲ್ಲ. ದಾಖಲೆ ಏನೂ ಇಲ್ದಿದ್ರೆ ಟ್ರಿಬ್ಯುನಲ್ ಅಂದಾಜು ಆದಾಯ ಹಿಡಿಯುತ್ತೆ, ಅದು ನಿಜವಾದ ದುಡಿಮೆಗಿಂತ ಕಮ್ಮಿ ಆಗೋ ಸಂಭವ ಇದೆ. ಅದಕ್ಕೆ ಈಗಿಂದಾನೇ ಸಂಬಳ ಬ್ಯಾಂಕಿಗೋ ಫೋನ್‌ಪೇಗೋ ಹಾಕಿಸ್ಕೊಳ್ಳಿ, ಕಾರವಾರದ ಬೈತಖೋಲ ಬಂದರಲ್ಲಿ ಮೀನು ಹಿಡಿಯೋ ಬೋಟಿಗೆ ಹೋಗೋರು ಪಾಲಿನ ಲೆಕ್ಕದ ಚೀಟಿ ಎಸೀಬೇಡಿ. ಬಲಗೈಯಲ್ಲಿ ಶಕ್ತಿ ಹೋದ್ರೆ ಆಫೀಸಲ್ಲಿ ಕೂರೋನಿಗೂ ಬಲೆ ಎಳೆಯೋನಿಗೂ ನಷ್ಟ ಒಂದೇ ಅಲ್ಲ, ಟ್ರಿಬ್ಯುನಲ್ ನೋಡ್ಬೇಕಾದ್ದು ಡಾಕ್ಟ್ರು ಬರೆದ ಅಂಗವೈಕಲ್ಯದ ಪರ್ಸೆಂಟ್ ಮಾತ್ರ ಅಲ್ಲ, ಅದ್ರಿಂದ ದುಡಿಮೆ ಎಷ್ಟು ಹೋಯ್ತು ಅಂತ. ಗೋವಾದ ಡಾಕ್ಟ್ರು ಸಾಕ್ಷಿಗೆ ಬರೋಕೆ ಆಗ್ದಿದ್ರೆ ಇಲ್ಲಿನ ಸರ್ಕಾರಿ ಮೆಡಿಕಲ್ ಬೋರ್ಡಿಂದ ಪರೀಕ್ಷೆ ಮಾಡಿಸಿ ಅಂತ ಟ್ರಿಬ್ಯುನಲ್‌ಗೆ ಕೇಳ್ಬಹುದು, ಅದಕ್ಕೆ ಎಕ್ಸ್‌ರೇ, ಡಿಸ್ಚಾರ್ಜ್ ಸಮ್ಮರಿ, ಕೇಸ್ ಶೀಟ್ ಎಲ್ಲಾ ಕೈಯಲ್ಲಿರ್ಬೇಕು. ಬರವಣಿಗೆಯಲ್ಲಿ ಕೇಳಿದ್ರೆ 72 ಗಂಟೆ ಒಳಗೆ ರೆಕಾರ್ಡ್ ಕೊಡ್ಬೇಕು ಅಂತ ನಿಯಮ ಇದೆ, ಡಿಸ್ಚಾರ್ಜ್ ದಿನಾನೇ ಅರ್ಜಿ ಬರೆದು ಸೀಲ್ ಹಾಕಿಸ್ಕೊಂಡು ಬನ್ನಿ, ಆಮೇಲೆ ಒಂದು ಪೇಪರಿಗೋಸ್ಕರ ಬಾಂಬೋಳಿಗೆ ಮತ್ತೆ ಹೋಗೋದಂದ್ರೆ ಒಂದು ದಿನದ ಕೂಲಿ ಹೋಯ್ತು.