ನಿಮ್ಮ ಕುರಿಮರಿ ಲೇಖನ ಈಗಿರೋ ಹಾಗೆ ಹಾಕಕ್ಕಾಗಲ್ಲ

ನಮಸ್ಕಾರ. ದಿನ ತುಂಬದೆ ಹುಟ್ಟಿದ ಕುರಿಮರಿಗಳ ಉಸಿರು ಆಗಾಗ ನಿಲ್ಲುತ್ತಲ್ಲ, ಆ ಹೊತ್ತಲ್ಲಿ ಗಂಟಲ ಸ್ನಾಯು ಏನ್ಮಾಡ್ತಿರುತ್ತೆ ಅಂತ ನೀವು ಕಳಿಸಿದ ಲೇಖನ ಎರಡು ಸಲ ಓದಿದೆ. ವಿಷಯ ತುಂಬಾ ಹಿಡಿಸ್ತು, ಬರೆದಿರೋ ರೀತಿ ಹಿಡಿಸ್ಲಿಲ್ಲ, ಬೇಜಾರು ಮಾಡ್ಕೋಬೇಡಿ.

ಮೊದಲ ಮೂರು ಪ್ಯಾರಾ ಪೂರ್ತಿ ತೆಗೀರಿ. ತಾಯ್ತನ, ಸೃಷ್ಟಿಯ ವಿಸ್ಮಯ, ಉಸಿರೇ ಜೀವ, ಇಷ್ಟು ಓದೋಷ್ಟರಲ್ಲಿ ಓದೋನು ಎದ್ದು ಹೋಗಿರ್ತಾನೆ. ನಿಮ್ಮ ನಿಜವಾದ ಸರಕು ಹನ್ನೊಂದನೇ ಪ್ಯಾರಾದಲ್ಲಿ ಮುದುರ್ಕೊಂಡು ಕೂತಿದೆ. ಕೆನಡಾದ ಶೆರ್‌ಬ್ರೂಕ್ ಯೂನಿವರ್ಸಿಟಿಯೋರು ಮರಿಗಳ ಧ್ವನಿಪೆಟ್ಟಿಗೆಯಲ್ಲಿರೋ, ಗಂಟಲು ಮುಚ್ಚೋ ಥೈರೋಅರಿಟಿನಾಯ್ಡ್ ಅನ್ನೋ ಸ್ನಾಯುವಿಗೂ, ಎದೆ ಹೊಟ್ಟೆ ನಡುವೆ ಇದ್ದು ಉಸಿರೆಳೆಯೋ ವಪೆಗೂ ಎಲೆಕ್ಟ್ರೋಡ್ ಹಾಕಿ ಅವುಗಳ ವಿದ್ಯುತ್ ಗೆರೆ ನೋಡಿದ್ರು. ಉಸಿರು ನಿಂತಾಗ ವಪೆಯ ಗೆರೆ ಸಪಾಟು, ಅಂದ್ರೆ ಅದು ಕೆಲಸ ಮಾಡ್ತಿಲ್ಲ, ಗಂಟಲಿನ ಗೆರೆ ಮಾತ್ರ ಒಂದೇ ಸಮ ದಪ್ಪ, ಅಂದ್ರೆ ಅದು ಬಿಗಿದೇ ಇದೆ. ಶುರು ಅಲ್ಲಿಂದ ಆಗ್ಲಿ.

ಇನ್ನು ದೊಡ್ಡ ತಪ್ಪು. ನೀವು 'ಗಂಟಲು ಕಟ್ಟಿಕೊಂಡು ಉಸಿರು ನಿಲ್ಲುತ್ತೆ' ಅಂತ ಬರೆದಿದ್ದೀರಿ, ಇದು ಉಲ್ಟಾ. ಗಂಟಲು ಕಟ್ಟಿದ್ರೆ ಎದೆ ಹೊಟ್ಟೆ ಎರಡೂ ಎಳೀತಿರ್ತವೆ, ಗಾಳಿ ಮಾತ್ರ ಹೋಗಲ್ಲ. ಇಲ್ಲಿ ಉಸಿರೆಳೆಯೋಕೆ ಮೆದುಳಿಂದಲೇ ಆರ್ಡರ್ ಬಂದಿಲ್ಲ, ಯಾರೂ ಎಳೀತಾನೇ ಇಲ್ಲ, ಅದರ ಜೊತೆಗೆ ಗಂಟಲು ತಾನಾಗಿ ಬಾಗಿಲು ಹಾಕ್ಕೊಂಡಿದೆ. ದಿನ ತುಂಬದ ಕೂಸುಗಳಿಗೆ ಕೆಫೀನ್ ಕೊಡೋದೂ ಈ ಮೆದುಳಿನ ಕಡೆಯನ್ನ ಎಬ್ಬಿಸೋಕೆ, ಬೇಕಿದ್ರೆ ಒಂದು ಸಾಲು ಸೇರಿಸಿ.

ಬಾಗಿಲು ಹಾಕೋದ್ರಿಂದ ಏನ್ ಲಾಭ ಅನ್ನೋದೇ ನಿಮ್ಮ ಲೇಖನದ ಜೀವ, ಅದಕ್ಕೆ ನೀವು ಕೊಟ್ಟಿರೋದು ಒಂದೂವರೆ ಸಾಲು! ಕುರಿಗೆ ಹತ್ತಿರ ಹತ್ತಿರ 147 ದಿನದ ಗರ್ಭ, ಈ ಮರಿಗಳು ಹುಟ್ಟಿದ್ದು 132ರ ಸುಮಾರಿಗೆ, ಪಕ್ಕೆಲುಬು ಮೆತ್ತಗೆ, ಶ್ವಾಸಕೋಶ ಗಾಳಿ ಹೋದ ಬಲೂನಿನ ಥರ ಕುಸಿಯೋಕೆ ಕಾಯ್ತಿರುತ್ತೆ, ಒಳಗಿರೋ ಆಕ್ಸಿಜನ್ನೂ ಸ್ವಲ್ಪ. ಗಂಟಲು ಮುಚ್ಚಿದ್ರೆ ಆ ಗಾಳಿ ಒಳಗೇ ಉಳಿಯುತ್ತೆ, ರಕ್ತ ಅದರಿಂದ ಇನ್ನೊಂದಷ್ಟು ಹೊತ್ತು ಆಕ್ಸಿಜನ್ ಎಳ್ಕೊಳ್ಳುತ್ತೆ. ಮುಚ್ಚಿದಾಗ ಆಕ್ಸಿಜನ್ ಇಳಿಯೋದು ನಿಧಾನ ಆಗುತ್ತೆ ಅಂತ ಅದೇ ಗುಂಪು 2003ರಲ್ಲಿ ಪ್ರಕಟಿಸ್ತು, ಆ ವರ್ಷಾನೇ ನಿಮ್ಮಲ್ಲಿಲ್ಲ.

ಓದೋರಿಗೆ ಇದು ಮೈಗೆ ತಾಗೋ ಹಾಗೆ ಹೇಳಿ. ತುಂಬಿದ ಕೊಡ ಎತ್ತುವಾಗ ಗಂಟಲು ಬಿಗಿಯುತ್ತಲ್ಲ, 'ಹ್ಞೂಂ' ಅಂತ ಸದ್ದು ಬರುತ್ತಲ್ಲ, ಅದೇ ಬಾಗಿಲು. ಉಸಿರಾಟದ ತೊಂದ್ರೆ ಇರೋ ಕೂಸು ಉಸಿರು ಬಿಡ್ತಾ ಮುಲುಗೋದೂ ಅರ್ಧ ಮುಚ್ಚಿದ ಗಂಟಲಿಂದ, ಗಾಳಿ ಪೂರ್ತಿ ಹೋಗದೇ ಇರ್ಲಿ ಅಂತ. 'ಕಂಠದ್ವಾರದ ಸಕ್ರಿಯ ಸಂವರಣ' ಅಂತ ಬರೆದ್ರೆ ಯಾರಿಗ್ರೀ ಅರ್ಥ ಆಗುತ್ತೆ, ನನಗೇ ನಿಘಂಟು ತೆಗೀಬೇಕಾಯ್ತು.

ಒಂದು ಒಳ್ಳೆ ತಿರುವನ್ನ ನೀವು ಬಿಟ್ಟೇಬಿಟ್ಟಿದ್ದೀರಿ. ನವಜಾತ ಕುರಿಮರಿಗಳಿಗೆ ಮೂಗಿನ ಮಾಸ್ಕಿಂದ ಮೆಷಿನ್ ಗಾಳಿ ಒತ್ತಿದಾಗ ಇದೇ ಸ್ನಾಯು ಉಸಿರು ಒಳಗೆ ಹೋಗೋ ಹೊತ್ತಲ್ಲೂ ಬಿಗಿದುಬಿಡುತ್ತೆ, ಕಾಪಾಡೋ ಬಾಗಿಲೇ ಅಡ್ಡ ನಿಲ್ಲುತ್ತೆ. ಇದಕ್ಕೆ ಒಂದು ಪ್ಯಾರಾ ಕೊಡಿ.

ಕೊನೇಲಿ 'ಮನುಷ್ಯರ ಕೂಸಲ್ಲೂ ಥೇಟ್ ಹೀಗೇ' ಅಂದಿದ್ದೀರಲ್ಲ, ಅಷ್ಟು ಗ್ಯಾರಂಟಿ ಕೊಡಬೇಡಿ. ಆಪರೇಷನ್ ಮಾಡಿ ಕೂಸಿನ ಗಂಟಲಿಗೆ ಹಾಗೆ ತಂತಿ ಹಾಕಕ್ಕಾಗಲ್ಲ ಅಂತಾನೇ ಕುರಿಮರಿ ತಗೊಂಡಿದ್ದು.

1800 ಪದ ಇದೆ, 900ಕ್ಕೆ ಇಳಿಸಿ, ಅವಸರ ಇಲ್ಲ. ಆ ಎರಡು ಗೆರೆಗಳ ಚಿತ್ರ ನೀವೇ ಕೈಯಲ್ಲಿ ಬರೆದು ಫೋಟೋ ತೆಗೆದು ಕಳಿಸಿದ್ರೂ ನಡೆಯುತ್ತೆ, ಮೇಲೆ ವಪೆ, ಕೆಳಗೆ ಗಂಟಲು.