ಔಷಧಿ ಹೊಡೆದರೂ ಟೊಮೆಟೊ ಸುಳಿ ಒಣಗುವುದೇಕೆ?

ಔಷಧಿ ಕೊಲ್ಲುವುದು ವೈರಸ್ ಹೊತ್ತು ತರುವ ಥ್ರಿಪ್ಸ್ ನುಸಿಯನ್ನು (ರಸ ಹೀರುವ ಪುಟ್ಟ ಕೀಟ), ಗಿಡದೊಳಗೆ ಸೇರಿದ ವೈರಸ್ಸನ್ನಲ್ಲ. ಎಳೆ ಎಲೆ ಕಂಚಿನ ಬಣ್ಣಕ್ಕೆ ತಿರುಗಿ, ಕಾಂಡದಲ್ಲಿ ಕಪ್ಪು ಗೆರೆ ಮೂಡಿ, ಸುಳಿ ಸುಟ್ಟಂತಾಗಿದ್ದರೆ ಅದು ನಮ್ಮ ಕಡೆ ಬಹುಮಟ್ಟಿಗೆ ಶೇಂಗಾ ಮೊಗ್ಗು ಒಣಗುವ ರೋಗದ ವೈರಸ್. ಹೆಸರು ಶೇಂಗಾದ್ದು, ಹಾವಳಿ ಟೊಮೆಟೊಗೂ.

ಇದರ ಕುತಂತ್ರ ನೋಡಿ. ರೋಗದ ಗಿಡದ ರಸ ಹೀರಿ ವೈರಸ್ ಪಡೆಯುವುದು ನುಸಿಯ ಮರಿ. ಹರಡುವುದು ಮುಖ್ಯವಾಗಿ ರೆಕ್ಕೆ ಬಲಿತ ಪ್ರೌಢ ಕೀಟ. ಪ್ರೌಢಾವಸ್ಥೆಯಲ್ಲಿ ಹೊಸದಾಗಿ ರೋಗದ ರಸ ಹೀರಿದ ಕೀಟ ಅದನ್ನು ಹರಡಲಾರದು. ಆದರೆ ಮರಿಯಲ್ಲಿ ಹೊಕ್ಕ ವೈರಸ್ ಅದರ ಮೈಯಲ್ಲೇ ವೃದ್ಧಿಯಾಗಿ ಸಾಯುವವರೆಗೂ ಉಳಿಯುತ್ತದೆ. ಮೊಟ್ಟೆಗೆ ಮಾತ್ರ ದಾಟುವುದಿಲ್ಲ. ಅಂದರೆ ಪ್ರತಿ ಪೀಳಿಗೆಯ ಮರಿಗಳಿಗೂ ರೋಗದ ಗಿಡವೊಂದು ಬೇಕೇ ಬೇಕು. ಅದು ನಿಮ್ಮ ಹೊಲದ್ದೇ ಆಗಬೇಕಿಲ್ಲ. ಬದುವಿನ ಕಳೆಯೂ ಸಾಕು. ಅಲ್ಲಿಂದ ಹಾರಿಬಂದ ಕೀಟ, ಔಷಧಿ ತಗಲಿ ಸಾಯುವ ಮೊದಲೇ ಹೀರಿ ತನ್ನ ಕೆಲಸ ಮುಗಿಸಿರುತ್ತದೆ. ಮೊಟ್ಟೆ ಎಲೆಯ ಅಂಗಾಂಶದೊಳಗೆ, ಕೋಶಾವಸ್ಥೆ ಸಾಮಾನ್ಯವಾಗಿ ಮಣ್ಣಿನಲ್ಲಿ. ಸಿಂಪಡಣೆ ಅಲ್ಲಿಗೆ ಸರಿಯಾಗಿ ತಲುಪುವುದೂ ಇಲ್ಲ.

ಹಾಗಾಗಿ ಸಸಿಮಡಿಗೆ ಸಣ್ಣ ಕಣ್ಣಿನ ಬಲೆ ಹಾಕಿ, ರೋಗದ ಸಸಿಯನ್ನು ಕಂಡ ದಿನವೇ ಕಿತ್ತು ಹೂಳಿ, ಕಳೆ ತೆಗೆಯಿರಿ; ಹಾರಿಬರುವ ಕೀಟಕ್ಕೆ ತಡೆಯಾಗಿ ನಾಟಿಗೆ ಮೊದಲೇ ಸುತ್ತ ಎರಡು ಮೂರು ಸಾಲು ಜೋಳ ಬೆಳೆಸಿ. ನೀಲಿ ಅಂಟು ಹಾಳೆ ನುಸಿ ಬಂದ ಸುಳಿವು ಕೊಡುತ್ತದೆ, ಅಷ್ಟೇ. ಒಂದೇ ಔಷಧಿಯನ್ನು ಪದೇ ಪದೇ ಹೊಡೆಯುವುದಂತೂ ನುಸಿಗೆ ಅದನ್ನು ಜೀರ್ಣಿಸಿಕೊಳ್ಳಲು ತರಬೇತಿ ಕೊಟ್ಟಂತೆ.