ಪಾತ್ರಕ್ಕೊಂದು ಪಾತ್ರ ಬೇಕೆಂದು ಬರೆದವರಿಗೆ

ಶಿರಾದಿಂದ ಲೇಖನ ಕಳಿಸಿದವರೇ,

ನೀವು ಕಳಿಸಿದ ‘ಸಮತೋಲಿತ ಸಾಹಸಿ ಪಕ್ಷವನ್ನು ರೂಪಿಸುವುದು ಹೇಗೆ?’ ಲೇಖನವನ್ನು ಮೂರು ಸಲ ಓದಿದೆ. ಫ್ಯಾಂಟಸಿ ಕಂಪ್ಯೂಟರ್ ಆಟಗಳಲ್ಲಿ, ಅಂದರೆ ಆರ್‌ಪಿಜಿ (ರೋಲ್ ಪ್ಲೇಯಿಂಗ್ ಗೇಮ್) ಎನ್ನುವವುಗಳಲ್ಲಿ, ಕತ್ತಿ ಹಿಡಿಯುವವರು ಎಷ್ಟು ಜನ, ಮಂತ್ರ ಹಾಕುವವರು ಎಷ್ಟು ಜನ, ಗಾಯ ಮಾಯಿಸುವವರು ಯಾರು, ಬೀಗ ತೆಗೆಯುವವರು ಯಾರು ಎಂದು ಮೊದಲೇ ಯೋಚಿಸಿ ಆರು ಜನರ ತಂಡ ಕಟ್ಟುವ ಬಗ್ಗೆ ಬರೆದಿದ್ದೀರಿ. ವಿಷಯ ನಿಮಗೆ ಗೊತ್ತಿದೆ. ಕಾಗುಣಿತ ಶುದ್ಧವಾಗಿದೆ. ‘ಮೊದಲ ಲೆವೆಲ್ಲಿನ ಮಾಂತ್ರಿಕನ ಹತ್ತಿರ ಇರುವುದು ಒಂದೇ ಮಂತ್ರ, ಅದು ಖರ್ಚಾದ ಮೇಲೆ ಅವನು ಕಂಕುಳಲ್ಲಿ ಎತ್ತಿಕೊಂಡು ತಿರುಗಬೇಕಾದ ಹಸುಗೂಸು’ ಎಂಬ ವಾಕ್ಯ ಚೆನ್ನಾಗಿದೆ. ಆದರೂ ಲೇಖನವನ್ನು ಈಗಿರುವ ಹಾಗೆ ಹಾಕಿಕೊಳ್ಳಲಾರೆ. ಕಾರಣವನ್ನು ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ ಆ ಹಸುಗೂಸಿನ ವಾಕ್ಯ ಬರೆದವರು ಉಳಿದದ್ದನ್ನು ಹೀಗೆ ಬರೆದರಲ್ಲ ಎಂದು ನನಗೆ ನಿಜಕ್ಕೂ ಬೇಸರವಾಗಿದೆ.

ನಿಮ್ಮ ಮೊದಲ ವಾಕ್ಯ: ‘ಫ್ಯಾಂಟಸಿ ಆಟಗಳಲ್ಲಿ ಸಮತೋಲಿತ ಪಕ್ಷವು ಅತ್ಯಂತ ಮಹತ್ವದ ಪಾತ್ರ ವಹಿಸುತ್ತದೆ.’ ಎರಡನೆಯದು: ‘ಪಕ್ಷದ ಪ್ರತಿಯೊಂದು ಪಾತ್ರವೂ ತನ್ನದೇ ಆದ ಪಾತ್ರವನ್ನು ಹೊಂದಿರಬೇಕು.’ ಮೂರನೆಯದು: ‘ಮುಂಚೂಣಿಯ ಪಾತ್ರಗಳು ಹಾನಿಯನ್ನು ಹೀರಿಕೊಳ್ಳುವ ಪಾತ್ರವನ್ನು ನಿರ್ವಹಿಸುತ್ತವೆ.’

ಪೆನ್ಸಿಲ್ ಹಿಡಿದು ಎಣಿಸಿದೆ. ಮೂರು ವಾಕ್ಯದಲ್ಲಿ ಐದು ಸಲ ‘ಪಾತ್ರ’. ಮೊದಲ ವಾಕ್ಯದ ಪಾತ್ರಕ್ಕೆ ಅರ್ಥವೇ ಇಲ್ಲ, ಅದು ಭಾಷಣದಿಂದ ಬಂದು ಸೇರಿಕೊಂಡದ್ದು. ಎರಡನೆಯದರಲ್ಲಿ ಮೊದಲು ಬರುವ ಪಾತ್ರ ಎಂದರೆ ಆಟದೊಳಗಿನ ಮನುಷ್ಯ, ಆಮೇಲೆ ಬರುವುದು ಅವನ ಕೆಲಸ. ಇಂಗ್ಲಿಷಿನಲ್ಲಿ ಇವಕ್ಕೆ ಬೇರೆ ಬೇರೆ ಪದ ಇವೆ. ನಮ್ಮಲ್ಲಿ ಎರಡಕ್ಕೂ ‘ಪಾತ್ರ’ ಎನ್ನುವ ರೂಢಿ ಬೆಳೆದಿದೆ. ತಂಡ ಕಟ್ಟುವ ವಿಷಯದಲ್ಲಿ ಬರೆಯುವಾಗ ಈ ಎರಡು ಅರ್ಥ ಕಲಸಿಹೋದರೆ ಲೇಖನವೇ ಕೆಡುತ್ತದೆ, ಏಕೆಂದರೆ ನೀವು ಹೇಳಹೊರಟದ್ದೇ ಮನುಷ್ಯ ಯಾರು, ಅವನಿಗೆ ಕೊಟ್ಟ ಕೆಲಸ ಯಾವುದು ಎಂಬುದನ್ನು. ‘ತಂಡದಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕೆಲಸ ಇರಬೇಕು’ ಎನ್ನಿ. ಓದುವವರು ಎಲ್ಲೂ ಎಡವುವುದಿಲ್ಲ.

‘ಹಾನಿಯನ್ನು ಹೀರಿಕೊಳ್ಳುವ’ ಎಂಬುದನ್ನು ಜೋರಾಗಿ ಓದಿ ನೋಡಿ. ನಿಮ್ಮ ಮನೆಯಲ್ಲಿ ಯಾರಾದರೂ ಹಾಗೆ ಮಾತಾಡುತ್ತಾರೆಯೇ? ಮುಂದೆ ನಿಂತವರು ಏಟು ತಿನ್ನುತ್ತಾರೆ. ಅಷ್ಟೇ. ‘ಪಕ್ಷ’ ಎಂದ ಕೂಡಲೇ ನನ್ನ ಕಣ್ಣಿಗೆ ಬಾವುಟ, ಬ್ಯಾನರು ಬರುತ್ತವೆ. ಆಡುವ ಹುಡುಗರು ಪಾರ್ಟಿ ಅನ್ನುತ್ತಾರೆ, ತಂಡ ಅನ್ನುತ್ತಾರೆ. ‘ಗುಣಪಡಿಸುವಾತ’ನನ್ನು ಹೀಲರ್ ಅನ್ನುತ್ತಾರೆ. ಅವರ ಬಾಯಲ್ಲಿರುವ ಪದವನ್ನು ಕಿತ್ತು ನಿಘಂಟಿನ ಪದ ತುರುಕುವುದು ಕನ್ನಡಕ್ಕೆ ಮಾಡುವ ಉಪಕಾರ ಎಂದು ನೀವು ತಿಳಿದಿರಬಹುದು. ನಾನು ಒಪ್ಪುವುದಿಲ್ಲ.

‘ಪಾತ್ರ’ ಎಂಬ ಪದದ ಮೇಲೆ ನನಗೆ ಇಷ್ಟು ಸಿಟ್ಟು ಯಾಕೆ ಎಂಬುದಕ್ಕೆ ಹಳೆಯ ಕಾರಣ ಒಂದಿದೆ. ಇಪ್ಪತ್ತೆರಡನೇ ವಯಸ್ಸಿನಲ್ಲಿ ತುಮಕೂರಿನ ಒಂದು ವಾರಪತ್ರಿಕೆಯಲ್ಲಿ ಕೆಲಸ ಕಲಿಯಲು ಸೇರಿದ್ದೆ. ಗುಬ್ಬಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಕುರುಕ್ಷೇತ್ರ ನಾಟಕ. ವರದಿ ಮಾಡಿಕೊಂಡು ಬಾ ಎಂದು ಕಳಿಸಿದರು. 1884ರಲ್ಲೇ ನಾಟಕ ಕಂಪನಿ ಕಟ್ಟಿದ ಊರಿನ ತಾಲ್ಲೂಕು ಅದು, ಅಲ್ಲಿ ಜನಕ್ಕೆ ನಾಟಕ ನೋಡುವುದು ಚೆನ್ನಾಗಿ ಗೊತ್ತು. ನಮ್ಮ ಕಡೆ ಈ ನಾಟಕ ಹೇಗೆ ನಡೆಯುತ್ತದೆ ಎಂದು ನಿಮಗೂ ಗೊತ್ತಿರುತ್ತದೆ. ಪಾರ್ಟು ಮಾಡುವವರೇ ದುಡ್ಡು ಕಟ್ಟಬೇಕು. ದುರ್ಯೋಧನನಿಗೆ, ಕೃಷ್ಣನಿಗೆ ಹೆಚ್ಚು. ಸಣ್ಣ ಪಾರ್ಟಾದರೆ ಕಡಿಮೆ. ಎಲ್ಲರಿಗೂ ಗದೆ ಬೇಕು, ಕಿರೀಟ ಬೇಕು. ಅದಕ್ಕೇ ಒಂದನೇ ಕೃಷ್ಣ, ಎರಡನೇ ಕೃಷ್ಣ ಎಂದು ಒಂದೇ ಪಾರ್ಟನ್ನು ಹಂಚುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ಯಾರ ದನಿ ಎಷ್ಟು ಮೇಲೆ ಹೋಗುತ್ತದೆ, ಯಾರಿಗೆ ಜ್ಞಾಪಕ ಗಟ್ಟಿ ಎಂದು ನೋಡಿ, ಮನಸ್ತಾಪ ಬರದ ಹಾಗೆ ಎಲ್ಲರನ್ನೂ ಕೂರಿಸಬೇಕು.

ಆ ರಾತ್ರಿ ಸುಮಾರು ಎರಡು ಗಂಟೆಗೆ ದುರ್ಯೋಧನ ಪದ್ಯ ಮರೆತುಬಿಟ್ಟರು. ಮೇಷ್ಟ್ರು ಶ್ರುತಿ ಎಳೆಯುತ್ತಲೇ ಇದ್ದಾರೆ, ಈ ಮನುಷ್ಯ ಗದೆ ಹೆಗಲ ಮೇಲಿಟ್ಟುಕೊಂಡು ನಿಂತೇ ಇದ್ದಾರೆ. ಪಕ್ಕದಲ್ಲಿದ್ದ ಶಕುನಿ ಪಾರ್ಟು ಮಾಡಿದವರು ಅಂಗೈಯಲ್ಲಿ ದಾಳ ಉಜ್ಜುತ್ತಾ ಎರಡು ಹೆಜ್ಜೆ ಹತ್ತಿರ ಬಂದು, ಬೆನ್ನು ಸವರುವವರ ಹಾಗೆ ಬಗ್ಗಿ, ಪದ್ಯದ ಮೊದಲ ಪದ ಹೇಳಿಕೊಟ್ಟರು. ದುರ್ಯೋಧನ ಎತ್ತಿಕೊಂಡರು. ಮುಂದೆ ಕೂತಿದ್ದ ನಾಲ್ಕು ಜನಕ್ಕೆ ಬಿಟ್ಟರೆ ಯಾರಿಗೂ ಗೊತ್ತಾಗಲಿಲ್ಲ. ಮೇಷ್ಟ್ರು ತಲೆ ಎತ್ತಿ ಶಕುನಿಯ ಕಡೆ ಒಮ್ಮೆ ನೋಡಿ ಮತ್ತೆ ಹಾರ್ಮೋನಿಯಂ ಮನೆಗಳ ಮೇಲೆ ಬೆರಳಾಡಿಸಿದರು.

ನಾನು ಬೆಳಗ್ಗೆ ಬಸ್ಸಿನಲ್ಲಿ ಬಂದು ಬರೆದದ್ದು: ‘ಎಲ್ಲ ಕಲಾವಿದರೂ ತಮ್ಮ ತಮ್ಮ ಪಾತ್ರಗಳಿಗೆ ನ್ಯಾಯ ಒದಗಿಸಿದರು.’ ನಮ್ಮ ಹಿರಿಯ ಉಪಸಂಪಾದಕರು ಅದನ್ನು ಓದಿ ಕನ್ನಡಕ ತೆಗೆದಿಟ್ಟು, ‘ರಾತ್ರಿ ಏನಾಯ್ತಪ್ಪ, ಹೇಳು’ ಎಂದರು. ಹೇಳಿದೆ. ‘ಇದು ಎಲ್ಲಿದೆ ಇದರಲ್ಲಿ?’ ಎಂದು ನನ್ನ ಕಾಗದ ತಿರುಗಿಸಿ ಹಿಂಬದಿಯನ್ನೂ ನೋಡಿದರು. ಆಮೇಲೆ ಆ ವಾಕ್ಯದ ಮೇಲೆ ಗೆರೆ ಎಳೆದು ಖಾಲಿ ಹಾಳೆ ಮುಂದಿಟ್ಟರು. ಮಧ್ಯಾಹ್ನ ಊಟಕ್ಕೆ ಏಳುವವರೆಗೆ ನನ್ನ ಕಡೆ ನೋಡಲಿಲ್ಲ. ಅಂದಿನಿಂದ ‘ಪಾತ್ರ ವಹಿಸುತ್ತದೆ’ ಎಂದು ಯಾರು ಬರೆದರೂ, ಅದರ ಹಿಂದೆ ಒಂದು ಶಕುನಿ ಅಡಗಿದ್ದಾನೆ ಎಂದೇ ನನಗೆ ಅನಿಸುತ್ತದೆ.

ನಿಮ್ಮ ಲೇಖನದ ಹಿಂದೆಯೂ ಇದ್ದಾನೆ. ನೀವು ಬರೆದಿದ್ದೀರಿ: ‘ಗುಣಪಡಿಸುವಾತನ ಅನುಪಸ್ಥಿತಿಯಲ್ಲಿ ವಿಜಯವು ಅಸಾಧ್ಯ.’ ಯಾವ ಆಟದಲ್ಲಿ? ಯಾವ ಲಡಾಯಿಯಲ್ಲಿ? ಆಮೇಲೆ: ‘ಇಬ್ಬರು ಯೋಧರು, ಒಬ್ಬ ಗುಣಪಡಿಸುವಾತ, ಒಬ್ಬ ಮಾಂತ್ರಿಕ, ಒಬ್ಬ ಕಳ್ಳ, ಒಬ್ಬ ಬಿಲ್ಲುಗಾರ. ಈ ಸೂತ್ರ ಎಲ್ಲ ಆಟಗಳಿಗೂ ಅನ್ವಯಿಸುತ್ತದೆ.’ ಅನ್ವಯಿಸುವುದಿಲ್ಲ. 2023ರ ‘ಬಾಲ್ಡರ್ಸ್ ಗೇಟ್ 3’ರಲ್ಲಿ ನಿಮ್ಮನ್ನೂ ಸೇರಿಸಿ ತಂಡದಲ್ಲಿ ಇರುವುದೇ ನಾಲ್ಕು ಜನ. ಬೀಗ ತೆಗೆಯಲು, ಬಲೆ ಬಿಚ್ಚಲು ಅಲ್ಲಿ ಕಳ್ಳನೇ ಆಗಬೇಕೆಂದಿಲ್ಲ. ಕೈಚಳಕ ಇರುವ ಯಾರ ಕೈಗಾದರೂ ಸಾಮಾನು ಕೊಟ್ಟರೆ ಆಯಿತು. 2017ರ ‘ಡಿವಿನಿಟಿ: ಒರಿಜಿನಲ್ ಸಿನ್ 2’ರಲ್ಲಿ ಶತ್ರುಗಳಿಗೆ ಎರಡು ಬಗೆಯ ಕವಚ: ಕತ್ತಿ, ಬಾಣದ ಏಟಿಗೊಂದು, ಮಂತ್ರದ ಏಟಿಗೊಂದು. ನಿಮ್ಮ ಸೂತ್ರ ನಂಬಿ ಇಬ್ಬರು ಕತ್ತಿಯವರನ್ನೂ ಇಬ್ಬರು ಮಂತ್ರದವರನ್ನೂ ಕರೆದೊಯ್ದರೆ, ಇವರು ಒಂದು ಕವಚ ಒಡೆಯುತ್ತಾ ಅವರು ಇನ್ನೊಂದು ಒಡೆಯುತ್ತಾ ಕೂತಿರುತ್ತಾರೆ, ಮೈಗೆ ಏಟು ಬೀಳುವುದೇ ತಡ. ಅಲ್ಲಿ ನಾಲ್ವರೂ ಒಂದೇ ಕಡೆಗೆ ಹೊಡೆಯುವ ತಂಡವೇ ಎಷ್ಟೋ ಸಲ ವಾಸಿ.

ಸೂತ್ರ ಎಲ್ಲಿಂದ ಬಂತು ಎಂದು ಹುಡುಕಿದ್ದರೆ ನಿಮಗೇ ತಿಳಿಯುತ್ತಿತ್ತು. 1981ರ ‘ವಿಝರ್ಡ್ರಿ’ಯಲ್ಲಿ ಆರು ಜನರ ಸಾಲು. ಮುಂದಿನ ಮೂವರ ಕತ್ತಿ ಮಾತ್ರ ಶತ್ರುವಿಗೆ ತಾಕುತ್ತದೆ; ಹಿಂದಿನ ಮೂವರು ಮಂತ್ರ ಹಾಕಬಹುದು, ಕತ್ತಿ ಬೀಸಲಾಗದು. ನಾಲ್ಕನೇ ಯೋಧನನ್ನು ಸೇರಿಸಿಕೊಂಡರೆ ಅವನು ಸುಮ್ಮನೆ ನಿಂತಿರುತ್ತಾನೆ. ಮೂವರು ಮುಂದೆ, ಮೂವರು ಹಿಂದೆ ಎಂಬ ಲೆಕ್ಕ ಆ ಒಂದು ನಿಯಮದಿಂದ ಹುಟ್ಟಿದ್ದು. ನಿಯಮ ಬೇರೆಯಾದರೆ ತಂಡವೂ ಬೇರೆ.

ನಾನು ಇದನ್ನು ಕಲಿತದ್ದು ಎಸ್.ಎಸ್. ಪುರಂನ ಗೆಳೆಯನ ಮನೆಯಲ್ಲಿ. 1998ರ ಮೊದಲ ‘ಬಾಲ್ಡರ್ಸ್ ಗೇಟ್’ ಐದು ಸಿ.ಡಿ.ಗಳಲ್ಲಿ ಬರುತ್ತಿತ್ತು, ಹೊಸ ಜಾಗಕ್ಕೆ ಹೋದರೆ ಸಿ.ಡಿ. ಬದಲಿಸು ಎಂದು ಕೇಳುತ್ತಿತ್ತು. ಹೊಡೆಯುವವನೊಬ್ಬ ಇದ್ದರೆ ಸಾಕೆಂದು 18 ಶಕ್ತಿಯ, ಅಂದರೆ ಆಟದ ಲೆಕ್ಕದಲ್ಲಿ ಭಾರಿ ಬಲದ, ಯೋಧನನ್ನು ಮಾಡಿಕೊಂಡು ಹೊರಟೆವು, ಜೊತೆಗೆ ಇಮೋಯೆನ್ ಎಂಬ ಕಳ್ಳಿ. ‘ಫ್ರೆಂಡ್ಲಿ ಆರ್ಮ್’ ಎಂಬ ಛತ್ರದ ಮೆಟ್ಟಿಲ ಮೇಲೆ ಟಾರ್ನೆಶ್ ಎಂಬ ಮಾಂತ್ರಿಕ ಕಾದಿರುತ್ತಾನೆ. ತನ್ನದೇ ನಾಲ್ಕಾರು ಬಿಂಬ ಎಬ್ಬಿಸಿಕೊಳ್ಳುತ್ತಾನೆ. ನಮ್ಮ ಯೋಧನ ಕತ್ತಿ ಬಿಂಬಕ್ಕೆ ಬೀಳುತ್ತದೆ. ಆಮೇಲೆ ಭಯದ ಮಂತ್ರ. 18 ಶಕ್ತಿಯ ಮನುಷ್ಯ ಅಂಗಳದ ತುಂಬ ದಿಕ್ಕೆಟ್ಟು ಓಡುತ್ತಾನೆ, ಮೌಸ್ ಎಷ್ಟು ಒತ್ತಿದರೂ ಮಾತು ಕೇಳುವುದಿಲ್ಲ. ಎಷ್ಟು ಸಲ ಸತ್ತೆವೋ ಲೆಕ್ಕವಿಲ್ಲ.

ಕೊನೆಗೆ ಗೊತ್ತಾದದ್ದು ಎರಡು. ಮಂತ್ರ ಮುಗಿಯುವ ಮೊದಲು ಅವನ ಮೈಗೊಂದು ಬಾಣ ತಗುಲಿದರೆ ಮಂತ್ರ ಕೆಡುತ್ತದೆ. ಹಾಗಾಗಿ ಬಿಂಬ ಏಳುವ ಮೊದಲೇ ಇಮೋಯೆನ್ ಬಿಲ್ಲು ಎತ್ತಬೇಕು. ಎರಡನೆಯದು: ಕ್ಲೆರಿಕ್, ಅಂದರೆ ಮಂತ್ರ ಹಾಕುವ ಪೂಜಾರಿ, ಬರೀ ಗಾಯ ಮಾಯಿಸುವವನು ಎಂದುಕೊಂಡಿದ್ದೆವು. ಅವನ ಮೊದಲ ಲೆವೆಲ್ಲಿನಲ್ಲೇ ಭಯ ಬಿಡಿಸುವ ಮಂತ್ರವೊಂದಿದೆ. ಯೋಧನನ್ನು ಬಿಟ್ಟು ಕ್ಲೆರಿಕ್ ಆಗಿ ಮತ್ತೆ ಶುರುಮಾಡಿದ ರಾತ್ರಿ, ಓಡುತ್ತಿದ್ದ ಇಮೋಯೆನ್ ನಿಂತು, ತಿರುಗಿ, ಬಾಣ ಹೂಡಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಹೀಲರ್ ಯಾಕೆ ಬೇಕು ಎಂಬುದಕ್ಕೆ ನನ್ನ ಉತ್ತರ ಆ ಅಂಗಳದಲ್ಲಿದೆ. ನಿಮ್ಮ ಉತ್ತರ ನಿಮ್ಮ ಲೇಖನದಲ್ಲಿ ಎಲ್ಲೂ ಕಾಣಲಿಲ್ಲ.

ಆಯುಧಗಳ ಪಟ್ಟಿ, ಎಲ್ಫ್, ಡ್ವಾರ್ಫ್‌ನಂಥ ಆಟದ ಕುಲಗಳ ಗುಣಗಳ ಕೋಷ್ಟಕ, ಕೊನೆಯ ಎರಡು ಪುಟ, ಇವುಗಳ ಬಗ್ಗೆ ಈಗ ಏನೂ ಹೇಳುವುದಿಲ್ಲ. ಹೊಸದಾಗಿ ಬರೆದರೆ ಅವುಗಳಲ್ಲಿ ಬಹಳಷ್ಟು ತಾವಾಗಿಯೇ ಬಿದ್ದುಹೋಗುತ್ತವೆ. ಒಂದೇ ಆಟ ಹಿಡಿಯಿರಿ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಸಾವಿರ ಪದ ದಾಟಬೇಡಿ. ಮುಂದಿನ ತಿಂಗಳ ಹತ್ತನೇ ತಾರೀಕಿನೊಳಗೆ ಸಿಕ್ಕರೆ ಆ ಸಂಚಿಕೆಗೇ ಜಾಗ ಇಟ್ಟಿರುತ್ತೇನೆ. ನಿಮ್ಮ ಆ ಹಸುಗೂಸು ಮಾಂತ್ರಿಕ ಮೊದಲ ಸಲ ಸತ್ತದ್ದು ಎಲ್ಲಿ, ಆಗ ಅವನ ಮುಂದೆ ಯಾರು ನಿಂತಿರಬೇಕಿತ್ತು? ಅಲ್ಲಿಂದ ಶುರು ಮಾಡಿ.

ನಿಮ್ಮ,
ಸಂಪಾದಕ
ತುಮಕೂರು